ನೋಯದ ಹುಣ್ಣು

ಇರುವಿ, ಅಂದುಕೊಂಡ ಗುಲಾಮ್ ರಸೂಲ್, ಕುತ್ತಿಗೆಯ ಎಡಕ್ಕೆ ಇರುವಿ ಹರಿದಂಗಾತು, ಕೈ ತಾನಾಗಿಯೇ ಮೇಲೆ ಹೋಯಿತು — ಇರುವಿ ಇಲ್ಲ, ಏನೂ ಇಲ್ಲ, ಹುಣ್ಣಿನ ಮೇಲೆ ಒಣಗಿದ ಕರಿ ಹಕ್ಕಳಿಯ ಅಂಚು ಎದ್ದು ಗಾಳಿಗೆ ಅಲುಗುತ್ತಿದೆ ಅಷ್ಟೇ, ಅಲುಗಲಿ, ಹಕ್ಕಳಿ ಉದುರಿತು ಅಂದ್ರ ನೀ ಗೆದ್ದಿ ತಿಳ್ಕೊ ಅಂತ ದವಾಖಾನಿಯ ಕಂಪೌಂಡರ್ ಭೀಮಶಾ ಹೇಳಿದ್ದ, ಗೆದ್ದಾಯಿತು, ಗೆದ್ದವನು ತನ್ನ ಮನೆಯ ಮುಂದಿನ ಫರಸಿ ಕಲ್ಲಿನ ಮೇಲೆ ಕೂತಿದ್ದಾನೆ, ಒಳಗೆ ಗೋಣಿತಟ್ಟಿನ ಪರದೆಯ ಆಚೆ ಹೆಂಗಸರು ನೀರು ಕಾಸುತ್ತಿದ್ದಾರೆ, ಬಾರಿಹಣ್ಣಿನ ಗಿಡದ ತಪ್ಪಲ ಹಾಕಿ ಕುದಿಸಿದ ನೀರು, ಅವನ ಮಗಳ ಮೈ ತೊಳೆಯಲಿಕ್ಕೆ, ಮೂರು ತುಂಬಿ ನಾಲ್ಕರಾಗ ಕಾಲಿಟ್ಟ ಚಾಂದಬೀಗೆ ಎಷ್ಟು ನೀರು ಬೇಕು, ಒಂದು ಕೊಡವೇ ಹೆಚ್ಚು. ಬಾರಿ ಎಲೆಯ ಹಸಿ ವಾಸನೆ, ಹೊಗೆ, ವಾಡಿ ಸ್ಟೇಷನ್ನಿನಿಂದ ಇಂಜಿನ್ನಿನ ಕೂಗು — ಇವತ್ತೂ ಗಾಡಿ ಬರ್ತಾವ, ಇವತ್ತೂ ಯಾರೋ ತೊಗಲು ಹೊರ್ತಾರ. ಅವನ ಜೋಡಿ ಹಮಾಲಿ ಮಾಡುವ ತಮ್ಮಣ್ಣ ಎದುರಿಗೆ ಗೋಡೆಗೆ ಒರಗಿ ಕೂತಿದ್ದಾನೆ, ಕೆಲಸ ಬಿಟ್ಟು ಬಂದಾನ, ಬೀಡಿ ಸಹ ಹಚ್ಚಿಲ್ಲ. ಒಳಗೆ ಜೈತುನ್ಬೀ ಖಾಲಾ ಬಂದಾಳ, ಈ ಓಣಿಯಲ್ಲಿ ಯಾರ ಮನೆಯಲ್ಲಿ ಹೆಣ್ಣುಜೀವ ಹೋದರೂ ಗುಸಲ್, ಕಡೆಯ ಸ್ನಾನ, ಮಾಡಿಸುವಾಕೆ ಆಕೆಯೇ, ವರ್ಷಾನುಗಟ್ಟಲೆ ಶಹಾಬಾದಿನ ಖಣಿಯಲ್ಲಿ ಕಲ್ಲು ಎತ್ತಿದ ಕೈ, ಬೆರಳುಗಳು ಬೇಸಿಗೆಯ ಎರೆಭೂಮಿಯಂತೆ ಸೀಳಿವೆ, ಆ ಸೀಳು — ಬರಿಗೈಲೆ ತೊಳಿಬ್ಯಾಡ್ರಿ ಅಂದಿದ್ದ ಭೀಮಶಾ, ದವಾಖಾನಿಯ ಬಾಗಿಲಲ್ಲಿ, ದನಿ ಇಳಿಸಿ, ಹೆಂಡತಿ ಆಶಾಬಿಗೆ ಕೇಳದಂತೆ, ಆ ಹುಣ್ಣಿಗೆ ಯಾರ ಕೈಯೂ ಹತ್ತಬಾರದು, ಕೈಗೆ ಅರಿವಿ ಸುತಗೊಳ್ರಿ, ಆಮ್ಯಾಲ ಆ ಅರಿವಿ ಸುಟ್ಟಬಿಡ್ರಿ, ತಿಳೀತಿಲ್ಲೋ, ತಿಳೀತ್ರಿ ಅಂದಿದ್ದ ರಸೂಲ್. ತಿಳಿದದ್ದು ಇನ್ನೂ ಅವನ ಬಾಯಲ್ಲೇ ಇದೆ. ಹೇಳಬೇಕು. ಈಗ ಹೇಳಬೇಕು. ಹೇಳಿದರೆ ಎದ್ದು ಹೋಗುತ್ತಾರೆ, ಎಲ್ಲರೂ, ದನದ ಬ್ಯಾನಿ ಅಂತ, ಕೂಸು ಹಲಗಿಯ ಮೇಲೆ ಹಾಗೇ ಉಳಿಯುತ್ತದೆ — ನೀರು ಇನ್ನೂ ಕಾದಿಲ್ಲ, ಇನ್ನೂ ಸ್ವಲ್ಪ ಹೊತ್ತದ, ಇನ್ನೂ ಮುಟ್ಟಿಲ್ಲ.

ನೋವಿರಬೇಕಿತ್ತು. ಒಂದೇ ಒಂದು ನೋವು ಅಂತಿದ್ದಿದ್ದರೆ ಅವನು ಮೊದಲ ದಿನವೇ ಬೊಬ್ಬೆ ಹೊಡೆದು ಓಡುತ್ತಿದ್ದ, ಮನುಷ್ಯನಿಗೆ ಅಷ್ಟು ಮಾತ್ರ ತಿಳಿಯುತ್ತದೆ, ನೋಯುವುದು ಕೆಟ್ಟದ್ದು, ನೋಯದ್ದು ಏನೂ ಅಲ್ಲ. ಮಿರಗದ ಮಳೆ ಬಿದ್ದ ಮೇಲೆ ಸೇಡಂ ಕಡೆಯಿಂದ, ಚಿಂಚೋಳಿ ಕಡೆಯಿಂದ ತೊಗಲು ಬಂಡಿಗಟ್ಟಲೆ ಬರಲಿಕತ್ತಿದ್ದವು, ಈ ಸಲ ಯಾಕಪ ಇಷ್ಟ ಅಂದ್ರ, ದನ ಸಾಯ್ಲಿಕತ್ತಾವಪ್ಪ, ನಿಂತಲ್ಲೇ ಬೀಳ್ತಾವ, ಮೂಗಿನಾಗ ಕರಿ ರಕ್ತ ಬರ್ತದ ಅಂದ ಬಂಡಿಯವ, ಗೋದಾಮಿನ ಸಾಹುಕಾರ ಗುರುಲಿಂಗಪ್ಪ ಗಾದಿಯ ಮೇಲೆ ಕೂತು, ಸತ್ತ ದನದ್ದು ಬಿಟ್ಟು ಜೀವಂತ ದನದ ತೊಗಲು ಯಾರರ ತರ್ತಾರೇನಲೇ ಅಂತ ನಕ್ಕ, ಎಲ್ಲರೂ ನಕ್ಕರು, ರಸೂಲನೂ ನಕ್ಕ, ನಗುನಗುತ್ತಲೇ ಕಟ್ಟು ಎತ್ತಿದ. ಒಣಗಿ ಹಲಗಿಯಾದ ತೊಗಲು, ಅಂಚು ಕುಡಗೋಲಿನಂಗ, ಅಲುಗಿಸಿದರೆ ಉಪ್ಪು, ಕೂದಲು, ಕೆಂಪು ಧೂಳು, ಮೂಗಿನಾಗ, ಕಣ್ಣಿನಾಗ, ಬೆವರಿನಾಗ. ಕುತ್ತಿಗೆ ಕೊಯ್ಯಬಾರದು ಅಂತ ಕಂಬಳಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಗೋದಾಮಿನಿಂದ ವ್ಯಾಗನ್ನಿಗೆ, ವ್ಯಾಗನ್ನಿನಿಂದ ಗೋದಾಮಿಗೆ. ಒಂದು ಬೆಳಿಗ್ಗೆ ಕೆರೆತ. ಸೊಳ್ಳಿ ಕಡಿದಂಗ. ಕೆರೆದುಕೊಂಡ. ಮರುದಿನ ಗುಳ್ಳಿ, ಸಾಸಿವೆಕಾಳಿಗಿಂತ ತುಸು ದೊಡ್ಡದು, ಆಮೇಲೆ ಅದರ ಸುತ್ತ ಸಣ್ಣ ಸಣ್ಣ ನೀರುಗುಳ್ಳಿ, ಉಂಗುರದ ಹರಳಿನಂಗ ಒಂದರ ಪಕ್ಕ ಒಂದು, ನಡುವೆ ಮಾತ್ರ ತಗ್ಗು, ತಗ್ಗಿನಲ್ಲಿ ಕಪ್ಪು, ಕೆಂಡ ಇಟ್ಟು ಸುಟ್ಟ ಕಪ್ಪು, ಒತ್ತಿ ನೋಡಿದ — ನೋವಿಲ್ಲ, ಸೂಜಿಮೊನೆ ತಾಗಿಸಿದ — ಇಲ್ಲ. ಜೇಡ ಹರದದ ಅಂದ ತಮ್ಮಣ್ಣ, ಸುಟ್ಟ ಅರಿವಿಯ ಬೂದಿ ಹಚ್ಚಿದರು, ದರ್ಗಾದ ಮುಜಾವರ ಊದಿದ, ಬಾವು ಕುತ್ತಿಗೆಯಿಂದ ಗದ್ದಕ್ಕೆ ಏರಿತು, ಗದ್ದದಿಂದ ಎದೆಗೆ ಇಳಿಯಿತು, ಹಿಟ್ಟು ನಾದಿ ಮೆತ್ತಿದಂಗ, ಬೆರಳಿಟ್ಟರೆ ಕುಳಿ ಬೀಳುತ್ತಿತ್ತು, ಮೈಯೆಲ್ಲ ಜ್ವರ, ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ, ಆಗಲೂ ಚಾಂದು ಮೊಣಕಾಲಿನ ಮೇಲೆ ನಿಂತು ಆ ಕಪ್ಪನ್ನೇ ನೋಡಿ, ಅಬ್ಬಾ ನಿನ್ನ ಕುತ್ತಿಗಿಗಿ ಕಣ್ಣ ಬಂದದ ಅಂದಿದ್ದಳು, ಬೆರಳು ಚಾಚಿದ್ದಳು, ಹೇ ಮುಟ್ಟಬ್ಯಾಡ ಅಂತ ಆಶಾಬಿ ಎತ್ತಿಕೊಂಡಿದ್ದಳು — ಮುಟ್ಟಲಿಲ್ಲ, ಖುದಾನ ಆಣೆ ಆಗ ಮುಟ್ಟಲಿಲ್ಲ, ಮುಟ್ಟಿದ್ದರೂ ಬರುತ್ತಿತ್ತೋ ಇಲ್ಲವೋ, ಬಂದದ್ದು ಅಲ್ಲಿಂದಲ್ಲ.

ಬಂದದ್ದು ಕಂಬಳಿಯಿಂದ. ಕಂಬಳಿ ಬಂದದ್ದು ಐನಾಪುರದಿಂದ, ರೇವಣಪ್ಪ ಗೌಡರ ಕೈಯಿಂದ, ಆ ಗದ್ದಲದ ವರ್ಷ, ರಜಾಕಾರರು ಹೋಗಿ ದಂಡು ಬಂದು ಊರೂರಲ್ಲಿ ಮುಸಲ್ಮಾನರ ಮನೆಗಳಿಂದ ಬೆಂಕಿಯ ಹೊಗೆ ಎದ್ದ ವರ್ಷ, ಅಣ್ಣ ಸಂತೆಗೆ ಅಂತ ಹೋದವ ಬರಲೇ ಇಲ್ಲ, ರಸೂಲ್ ಗೌಡರ ಕಣಕಿ ಬಣಮಿಯೊಳಗೆ ಕೂತಿದ್ದ, ಜೋಳದ ಕಣಕಿ ಮೈಯೆಲ್ಲ ಚುಚ್ಚುತ್ತಿತ್ತು, ಕೆಮ್ಮು ಬಂದರೆ ಅಂಗೈ ಕಚ್ಚುತ್ತಿದ್ದ. ಬೆಳಗಾಗುತ್ತಲೇ ಗೌಡರು ಬಂದರು, ಮಗನೇ ಇನ್ನ ನನ್ನ ಕೈಲಿ ಆಗಂಗಿಲ್ಲ, ನಾಳಿ ಬಣಮಿಯಾಗೂ ಹುಡುಕ್ತಾರ, ತಗೋ ಈ ಕಂಬಳಿ ಹೊದ್ಕೊ, ಕೋಲು ಹಿಡಿ, ಹಣಿಗೆ ಭಂಡಾರ ಹಚ್ಕೊ, ಯಾರರ ಕೇಳಿದ್ರ ಕುರುಬರಾಂವ ಅನ್ನು, ಬೀರಪ್ಪ ಅನ್ನು, ಬ್ಯಾರೆ ಒಂದು ಮಾತು ಆಡಬ್ಯಾಡ. ಒಂದು ಮಾತು ಆಡಲಿಲ್ಲ. ತೆಂಗಳಿ ದಾಟುವಾಗ ಹಳ್ಳದ ದಂಡೆಯಲ್ಲಿ ನಾಲ್ಕಾರು ಮಂದಿ, ಕೈಯಲ್ಲಿ ಕೊಡಲಿ, ಯಾರಲೇ — ಬೀರಪ್ಪರಿ — ಕುರಿ ಎಲ್ಲಿ — ಮುಂದ ಹೋಗ್ಯಾವ್ರಿ — ಹೋಗು. ಹಸಿ ಉಣ್ಣೆಯ ವಾಸನೆ, ಕುರಿಯ ವಾಸನೆ, ಅವನ ಬೆವರು ಅದರೊಳಗೆ ಕೂಡಿತು. ಅದನ್ನು ಹೊದ್ದು ವಾಡಿಗೆ ಬಂದ, ಹೊದ್ದು ಪ್ಲಾಟ್‌ಫಾರ್ಮಿನಲ್ಲಿ ಮಲಗಿದ, ಅದನ್ನೇ ಹೆಗಲಿಗೆ ಹಾಕಿ ಮೊದಲ ಕಟ್ಟು ಹೊತ್ತ, ಚಿತ್ತಾಪುರದ ಆಶಾಬಿ ನಿಕಾ ಆಗಿ ಬಂದಾಗ ಇಬ್ಬರಿಗೂ ಅದೇ, ಚಾಂದು ಹುಟ್ಟಿದ ಮಳೆಗಾಲದಲ್ಲಿ ಕೂಸಿನ ಕೆಳಗೂ ಅದೇ ಮೇಲೂ ಅದೇ, ಹಗಲು ಅಬ್ಬಾನ ಹೆಗಲಿಗೆ, ಸಂಜೆ ಝಾಡಿಸಿ ಚಾಂದುಗೆ. ಅವಳ ಗಲ್ಲ ಯಾವಾಗಲೂ ಕಂಬಳಿಯ ಅಂಚಿಗೆ. ಅಂಚಿನ ಉಣ್ಣೆ ಬೆರಳಲ್ಲಿ ಹಿಂಜುತ್ತ ಹಿಂಜುತ್ತ ನಿದ್ದೆ ಹೋಗುತ್ತಿದ್ದಳು, ಹಿಂಜಿದ ಒಂದೊಂದು ಎಳೆ ಮೂಗಿನ ಹತ್ತಿರ ಉಸಿರಿಗೆ ಅಲುಗುತ್ತಿತ್ತು.

ಶಹಾಬಾದಿನ ದವಾಖಾನಿಯಲ್ಲಿ ಡಾಕ್ಟರ್ ಸಾಹೇಬ್ರು ಅವನ ಕುತ್ತಿಗೆ ನೋಡಿದ್ದೇ ತಡ ಕೇಳಿದ್ದರು, ತೊಗಲಿನ ಕೆಲಸ ಏನು, ಹೌದ್ರಿ. ಇದು ದನದ ನೆರಡಿ ಬ್ಯಾನಿ, ಸತ್ತ ದನದ ತೊಗಲಿನಾಗ, ಕೂದಲಿನಾಗ ಕುಂತಿರ್ತದ, ವರ್ಷಗಟ್ಟಲೆ ಸಾಯಂಗಿಲ್ಲ, ಬಿಸಿಲಿಗೆ ಸಾಯಂಗಿಲ್ಲ, ನೀ ದೇವರು ದೊಡ್ಡಾಂವ ಬದುಕಿದಿ, ಪೆನಿಸಿಲಿನ್ ಸೂಜಿ ಬಂದದ. ಸೂಜಿ ಹಾಕಿದರು, ಸೂಜಿ ನೋಯುತ್ತಿತ್ತು, ಹುಣ್ಣು ನೋಯುತ್ತಿರಲಿಲ್ಲ. ಹೆಗಲ ಮ್ಯಾಲ ಏನು ಹಾಕ್ಕೋತಿದ್ದಿ, ಕಂಬಳಿರಿ, ಎಲ್ಲದ ಅದು, ಮನ್ಯಾಗರಿ, ಸುಡಬೇಕು ಅದನ್ನ, ಮತ್ತ್ಯಾರರ ಹೊದ್ಕೋತಾರೇನು — ಇಲ್ರಿ. ಅಷ್ಟು ಬೇಗ ಹೇಗೆ ಬಂತು ಆ ಇಲ್ಲ. ನಾಲಿಗೆಗೆ ಅದೇ ರೂಢಿ, ಟೋಪಿ ಹಾಕಿದವರು, ಕಾಗದ ಹಿಡಿದವರು, ಕುರ್ಚಿಯಲ್ಲಿ ಕೂತವರು ಏನು ಕೇಳಿದರೂ ಇಲ್ರಿ, ಹೌದು ಅಂದರೆ ಮನೆಗೆ ಬರುತ್ತಾರೆ, ಗುಡಿಸಲಿಗೆ ಸುಣ್ಣ ಸುರಿಯುತ್ತಾರೆ, ಸಾಹುಕಾರನಿಗೆ ಹೇಳುತ್ತಾರೆ, ಪ್ಲೇಗಿನ ಕಾಲದಲ್ಲಿ ಹಾಗೇ ಮಾಡಿದರಂತೆ, ಮನೆಮನೆಯ ಸಾಮಾನು ಬೀದಿಗೆ ಎಸೆದು ಬೆಂಕಿ ಇಟ್ಟರಂತೆ, ಇರುವುದೊಂದು ಕಂಬಳಿ, ತಾನೇ ಹೋಗಿ ಸುಟ್ಟರಾಯಿತು, ತಾನೇ ಹೋಗಿ, ಆರಾಮ ಆದ ಮೇಲೆ. ತಮ್ಮಣ್ಣ ನೋಡಲು ಬಂದಿದ್ದ, ಬಾಳೆಹಣ್ಣು ತಂದಿದ್ದ, ಮನಿಗಿ ಏನರ ಹೇಳೂದದೇನೋ ಅಂದ, ರಸೂಲನಿಗೆ ಕಂಬಳಿ ನೆನಪಾಗಲಿಲ್ಲವೇ, ಆಯಿತು, ನಾಲಿಗೆಯ ತುದಿಯವರೆಗೆ ಬಂತು, ಪಕ್ಕದ ಖಾಟಿನ ಮುದುಕ ಕೇಳುತ್ತಿದ್ದ, ಭೀಮಶಾ ಅಲ್ಲೇ ಪಟ್ಟಿ ಸುತ್ತುತ್ತಿದ್ದ, ಇಲ್ಲ ಅಂದವನು ಈಗ ಹೌದು ಅನ್ನುವುದು ಹೇಗೆ, ಆರಾಮ ಅದೀನಿ ಅಂತ ಹೇಳು ಅಂದ. ಅಷ್ಟೇ ಹೇಳಿದ ತಮ್ಮಣ್ಣ. ಅಷ್ಟನ್ನೇ ಹೇಳಿದ, ಪಾಪ, ಅವನ ತಪ್ಪೇನು, ಅವನು ಈಗ ಎದುರಿಗೆ ಕೂತು ನೆಲದ ಮೇಲೆ ಕಡ್ಡಿಯಿಂದ ಗೀಚುತ್ತಿದ್ದಾನೆ, ಗೀಚಿ ಅಳಿಸುತ್ತಿದ್ದಾನೆ, ಅವನಿಗೂ ಹೆಣ್ಣುಮಕ್ಕಳಿದ್ದಾರೆ.

ಮನೆಗೆ ಬಂದ ದಿನ ಬಿಸಿಲಿತ್ತು. ಓಣಿಯ ತಿರುವಿನಿಂದಲೇ ಕಂಡಳು, ಹೊಸ್ತಿಲ ಮೇಲೆ ಕಂಬಳಿ ಸುತ್ತಿಕೊಂಡು ಕೂತಿದ್ದಳು, ಬಿಸಿಲಲ್ಲೂ, ಅಬ್ಬಾ ಬಂದ ಅಬ್ಬಾ ಬಂದ ಅಂತ ಎದ್ದಳು, ಕಂಬಳಿ ಕಾಲಿಗೆ ತೊಡರಿತು, ಎಡವಿದಳು, ನಕ್ಕಳು, ಗಲ್ಲದ ಮೇಲೆ ಕಣ್ಣಿನ ಕೆಳಗೆ ಕರಿ ಬೊಟ್ಟು, ದುಂಡಗೆ, ಎಷ್ಟು ಚೊಕ್ಕ — ಆಶಾ, ದೃಷ್ಟಿಬೊಟ್ಟು ಇಟ್ಟೀಯಲ್ಲ, ನಾ ಬರ್ತೀನಂತ ಸಿಂಗಾರ ಮಾಡಿಯೇನು ಅಂದ, ನಗುತ್ತಲೇ ಅಂದ, ಇಷ್ಟು ದಿನದ ಮೇಲೆ ಮೊದಲ ಸಲ ನಗು ಬಂದಿತ್ತು, ಗದ್ದದ ಬಾವು ಇಳಿದಿತ್ತು, ನಕ್ಕರೆ ಚರ್ಮ ಎಳೆಯುತ್ತಿರಲಿಲ್ಲ. ಒಲೆಯ ಮುಂದಿನಿಂದ ಆಶಾಬಿ, ನಾ ಎಲ್ಲಿ ಇಟ್ಟೀನ್ರೀ, ಸೊಳ್ಳಿ ಕಡಿದದ, ಕೆರಕೊಂಡು ಕೆರಕೊಂಡು ಕರ್ರಗ ಮಾಡ್ಕೊಂಡಾಳ, ನೀವಿಲ್ಲಂತ ಹಗಲೂ ಅದೇ ಕಂಬಳಿ ಬಿಡಂಗಿಲ್ಲ, ಅಬ್ಬಾನ ವಾಸನಿ ಅದ ಅಂತಾಳ. ಬಿಸಿಲಿತ್ತು. ಕೋಳಿಯೊಂದು ಕಾಲ ಬಳಿ ಕೆದಕುತ್ತಿತ್ತು. ಅವನು ಬಗ್ಗಿದ, ಗಲ್ಲ ಹಿಡಿದ, ಬೊಟ್ಟಿನ ಸುತ್ತ ನೀರುಗುಳ್ಳಿ, ಸಣ್ಣ ಸಣ್ಣ, ಒಂದರ ಪಕ್ಕ ಒಂದು. ಒತ್ತಿದ. ನೋಯ್ತದೇನವ್ವಾ. ಇಲ್ಲ ಅಬ್ಬಾ. ಖರೇ ಹೇಳು, ನೋಯ್ತದೇನು. ಇಲ್ಲ. ನೋಯ್ತದ ಅನ್ನು, ಚಾಂದು, ನೋಯ್ತದ ಅನ್ನು ನನ್ನವ್ವಾ, ಅವನ ದನಿ ಕೇಳಿ ಆಶಾಬಿ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. ನೋಯಂಗಿಲ್ಲ ಅಬ್ಬಾ, ಅಂದಳು ಚಾಂದು, ಅವನನ್ನು ಸಮಾಧಾನ ಮಾಡುವವಳ ಹಾಗೆ.

ಆ ದಿನದ ಗಾಡಿ ಹೋಗಿಯಾಗಿತ್ತು, ಮರುದಿನದ ಗಾಡಿಯ ತನಕ ಚಾಂದುವಿನ ಎರಡೂ ಕಣ್ಣು ಮುಚ್ಚಿ ಹೋಗಿದ್ದವು, ಒಂದು ಬದಿಯ ಮುಖ ಉಬ್ಬಿ ಮುಖವೇ ಅಲ್ಲದಂತಾಗಿತ್ತು, ಗಾಡಿ ವಾಡಿಯ ಸಿಗ್ನಲ್ಲಿಗೇ ನಿಂತಿತು, ಯಾಕ ನಿಂತದ, ಎದುರಿನ ಗಾಡಿ ಬರಬೇಕಂತ, ಶಹಾಬಾದ ಎಷ್ಟು ದೂರ, ನಡೆದೇ ಹೋಗಬಹುದಿತ್ತು, ಎತ್ತಿಕೊಂಡು ಓಡಬಹುದಿತ್ತು, ಓಡಲಿಲ್ಲ. ಅಬ್ಬಾ ಕತ್ತಲಾತೇನು ಅಂದಳು, ಮಟಮಟ ಮಧ್ಯಾಹ್ನ. ದವಾಖಾನಿಯಲ್ಲಿ ಡಾಕ್ಟರ್ ಸಾಹೇಬ್ರು ಅವನನ್ನು ಕೇಳಲಿಲ್ಲ, ಆಶಾಬಿಯನ್ನು ಕೇಳಿದರು, ಕೂಸು ಯಾತರ ಮ್ಯಾಲ ಮಲಗ್ತದವ್ವಾ, ಅವರಬ್ಬಾನ ಕಂಬಳಿ ಮ್ಯಾಲರಿ, ಅದೇ, ತೊಗಲು ಹೊರೂ ಕಂಬಳಿ, ಯಾವಾಗಿಂದರಿ ಅಂದ್ರ ಹುಟ್ಟಿದಾಗಿಂದ, ಗೊತ್ತಿಲ್ಲದ ಬಾಯಿ ಎಷ್ಟು ಸಲೀಸಾಗಿ ಖರೇ ಹೇಳಿತು. ಸಾಹೇಬ್ರು ತಿರುಗಿ ಅವನನ್ನು ನೋಡಿದರು. ನೀ ಇಲ್ಲ ಅಂದಿದ್ದಿ. ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು, ಸೂಜಿಗೆ ಔಷಧ ಎಳೆಯಲು ತಿರುಗಿದರು. ಆಶಾಬಿ ನೋಡಿದಳು. ಆಗ ನೋಡಿದ್ದೇ ಕಡೆ, ಆಮೇಲೆ ಅವನ ಕಡೆ ತಿರುಗಿಲ್ಲ, ಮಾತಾಡಿಲ್ಲ. ಬಾವು ಗಂಟಲಿಗೆ ಇಳಿದಿತ್ತು, ತಡ ಆಗ್ಯದ, ಸಣ್ಣ ಜೀವ ಅಂದ ಭೀಮಶಾ, ಉಸಿರು ಸಿಳ್ಳೆಯಂತೆ ಒಳಗೆ ಹೋಗಿ ಸಿಳ್ಳೆಯಂತೆ ಹೊರಗೆ ಬರುತ್ತಿತ್ತು, ಬೆಳಿಗ್ಗೆ ದವಾಖಾನಿಯ ಬೇವಿನ ಮರದಲ್ಲಿ ಗಿಣಿಗಳು ಗದ್ದಲ ಹಾಕುವಾಗ ಒಂದು ಸಲ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಅವನು ಕಾದ. ಗಿಣಿಗಳು ಹಾರಿ ಹೋದ ಮೇಲೂ ಕಾದ. ತಿರುಗಿ ಬರುವಾಗ ಗಾಡಿಯಲ್ಲಿ ಹೆಣ ಅಂದರೆ ಇಳಿಸುತ್ತಾರೆ ಅಂತ ಆಶಾಬಿ ಮಡಿಲಲ್ಲಿ ಮಲಗಿಸಿಕೊಂಡಳು, ಎದೆಗೆ ಒತ್ತಿಕೊಂಡು, ಉಬ್ಬಿದ ಮುಖದ ಮೇಲೆ ಸೆರಗು ಹೊದಿಸಿ, ನಿದ್ದೆ ಹೋದ ಕೂಸಿಗೆ ತಟ್ಟುವಂತೆ ತಟ್ಟುತ್ತ, ಎದುರಿನ ಕಣ್ಣು ಮಂಜಾದ ಅಜ್ಜಿಯೊಬ್ಬಳು, ಕೂಸಿಗಿ ಗಾಳಿ ಆಡ್ಲಿ ತಂಗಿ, ಮುಖದ ಮ್ಯಾಲಿನ ಸೆರಗ ಸರಸು, ಅಂತ ತಾನೇ ಅಂಚು ಚೂರು ಸರಿಸಿ ಬಗ್ಗಿ, ಛಂದ ದೃಷ್ಟಿಬೊಟ್ಟು ಇಟ್ಟಿ ನೋಡು, ಯಾರ ಕಣ್ಣೂ ಹತ್ತಂಗಿಲ್ಲ ಅಂದಳು. ಹೂಂರಿ ಅವ್ವಾ, ಅಂದಳು ಆಶಾಬಿ. ತಟ್ಟುವುದು ನಿಲ್ಲಿಸಲಿಲ್ಲ.

ಒಳಗೆ ಕೊಡದಿಂದ ನೀರು ಬೀಳುವ ಸದ್ದು. ಶುರುವಾಯಿತು. ಬಿಸ್ಮಿಲ್ಲಾ ಅಂದಳು ಜೈತುನ್ಬೀ ಖಾಲಾ, ಬಲಗೈ ಮೊದಲು, ಹಾಂ ಹಿಂಗ, ತಲಿ ಹಿಡೀರಿ ಯಾರರ — ಹೇಳಬೇಕು, ಈಗ — ಎಷ್ಟು ಹಗುರ ಅದಾಳ ಅಂತ ಯಾರೋ ಅತ್ತರು, ನೀರು ಫರಸಿಯ ಸಂದಿಯಿಂದ ಹರಿದು ಪರದೆಯ ಕೆಳಗೆ ಬಂತು, ಅವನ ಕಾಲ ಹೆಬ್ಬೆರಳ ಹತ್ತಿರ ಬಂತು, ಒಂದು ಬಾರಿ ಎಲೆ ತೇಲಿ ಬಂತು, ಏನವ್ವಾ ಇದು ಗಲ್ಲದ ಮ್ಯಾಲ ಕರಿದು, ಅಂದಳು ಖಾಲಾ, ಮುಖ ಯಾಕ ಹಿಂಗ ಬಾತದ ಆಶಾ, ಏನು ಬ್ಯಾನಿ ಅಂದ್ರು ದವಾಖಾನ್ಯಾಗ. ಕಾಡಿಗಿ ಖಾಲಾ. ಆಶಾಬಿಯ ದನಿ, ಎಷ್ಟು ಹೊತ್ತಿನ ಮೇಲೆ ಕೇಳಿದ ದನಿ, ನಾನೇ ಇಟ್ಟೀನಿ, ದಿಟ್ಟಿ ಆಗಬಾರ್ದಂತ, ಒರಸ್ರಿ, ಹೋಗ್ತದ. ಅವನು ಎದ್ದ. ಯಾವಾಗ ಎದ್ದನೋ, ಪರದೆ ಕೈಯಲ್ಲಿತ್ತು, ತಟ್ಟಿನ ಒರಟು, ಉಗಿ ಮುಖಕ್ಕೆ ಹೊಡೆಯಿತು, ಖಾಲಾನ ಸೀಳುಬೆರಳು ಗಲ್ಲದ ಹತ್ತಿರ — ಮುಟ್ಟಬ್ಯಾಡ್ರಿ ಖಾಲಾ. ಕಾಡಿಗಿ ಅಲ್ಲದು. ದನದ ಬ್ಯಾನಿ, ತೊಗಲಿಂದು, ನನಗ ಬಂದಿತ್ತು, ನನ್ನ ಕಂಬಳಿಯಿಂದ ಈಕಿಗಿ ಬಂತು, ಬರಿಗೈಲೆ ಮುಟ್ಟಬಾರದಂತ ಹೇಳ್ಯಾರ, ನನಗ ಗೊತ್ತಿತ್ತು, ನಾ ಹೇಳಿದ್ದಿಲ್ಲ. ಎಲ್ಲ ಒಂದೇ ಉಸಿರಿಗೆ ಬಂತು. ಬಳೆಗಳ ಸದ್ದು, ಸೀರೆಗಳ ಸದ್ದು, ಒಬ್ಬಳು ಎದ್ದಳು, ಇನ್ನೊಬ್ಬಳು, ಬಾಗಿಲಲ್ಲಿ ಅವನಿಗೆ ಸೆರಗು ತಾಗದಂತೆ ಓರೆಯಾಗಿ ದಾಟಿ ಹೋದರು, ಯಾ ಅಲ್ಲಾ ಯಾ ಅಲ್ಲಾ ಅನ್ನುತ್ತ, ಜೈತುನ್ಬೀ ಖಾಲಾ ಒಬ್ಬಳೇ ಕೂತಲ್ಲೇ, ಎರಡೂ ಕೈ ಮೈಯಿಂದ ದೂರ ಹಿಡಿದು, ನೀರು ತೊಟ್ಟಿಕ್ಕುತ್ತಿತ್ತು, ಎಲ್ಲಿ ಒರೆಸಿಕೊಳ್ಳಬೇಕು ತಿಳಿಯದೆ ಹಿಡಿದ ಕೈ. ನೀರು ಹಾಕೋ ನನ್ನ ಕೈಮ್ಯಾಲ, ಅಂದಳು ಕಡೆಗೆ, ಅವನು ಸುಡುವ ನೀರು ಹಾಕಿದ, ಸಾಬೂನು ಕೊಟ್ಟ, ಆಕೆ ತೊಳೆದಳು ತೊಳೆದಳು, ಎದ್ದು ಹೊಸ್ತಿಲ ಹೊರಗೆ ಹೋಗಿ ಕೂತಳು. ನಾ ಮನಿಗಿ ಹೋಗಂಗಿಲ್ಲ, ಇಲ್ಲೇ ಕುಂತು ಹೇಳ್ತೀನಿ, ನೀ ತೊಳಿಯವ್ವಾ ಆಶಾ, ತಾಯಿ ತೊಳದ್ರ ಏನೂ ಆಗಂಗಿಲ್ಲ. ಆಗ್ತದೋ ಇಲ್ಲವೋ. ಅವನು ತನ್ನ ಅಂಗಿ ಹರಿದು ಎರಡು ತುಂಡು ಮಾಡಿ ಕೈಗೆ ಸುತ್ತಿಕೊ ಅಂತ ಚಾಚಿದ. ಆಶಾಬಿ ಅರಿವಿಯನ್ನು ನೋಡಿದಳು, ಅವನನ್ನು ನೋಡಿದಳು. ಈಗ ಬಂತೇನ್ರೀ ಮಾತು, ಅಂದಳು.

ಅರಿವಿ ತೆಗೆದುಕೊಳ್ಳಲಿಲ್ಲ. ತನ್ನ ಬಿಳಿ ಸೆರಗಿನ ತುದಿಯನ್ನು ಬೋಗುಣಿಯಲ್ಲಿ ಅದ್ದಿದಳು, ಹಿಂಡಿದಳು, ಬೆರಳಿಗೆ ಸುತ್ತಿ ಗಲ್ಲದ ಮೇಲೆ ಇಟ್ಟು ಮೆಲ್ಲಗೆ, ನಿದ್ದೆ ಕೆಡಬಾರದು ಅನ್ನುವಂತೆ, ಒರೆಸಿದಳು, ತೆಗೆದು ನೋಡಿದಳು, ಸೆರಗು ಬಿಳಿಯಾಗೇ ಇತ್ತು, ಮತ್ತೆ ಅದ್ದಿದಳು, ಮತ್ತೆ ಒರೆಸಿದಳು, ಆಶಾ ಅದು — ಅಂದ ಅವನು, ಅರಿವಿಯನ್ನು ಮತ್ತೆ ಚಾಚಿದ, ಹೊರಗೆ ಖಾಲಾ ಎಡಗೈ ಇನ್ನ, ಎಡಗೈ ತೊಳಿಯವ್ವಾ ಅನ್ನುತ್ತಿದ್ದಳು, ಆಶಾಬಿ ಎಡಗೈಗೆ ಹೋಗಲಿಲ್ಲ, ಅದ್ದಿದಳು, ಹಿಂಡಿದಳು, ಬಿಳಿ ಸೆರಗು, ಕರಿ ಬೊಟ್ಟು, ಒರೆಸಿದಳು, ಬಿಳಿ ಸೆರಗು, ಕರಿ ಬೊಟ್ಟು, ಒರೆಸಿದಳು, ಕರಿ ಬೊಟ್ಟು —